ಮಿದುಳಿನ ಅಲೆಗಳನ್ನು ಬರೆದಿಟ್ಟ ಹಾನ್ಸ್ ಬರ್ಗರ್

ಮೂರ್ಛೆರೋಗದ ತಪಾಸಣೆಗೆಂದು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಕುಟುಂಬಗಳು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಹೋಗುವುದು ಬಹುಕಾಲದ ರೂಢಿ. ಇ.ಇ.ಜಿ. ಪರೀಕ್ಷೆಯ ಹೆಸರು ಕೇಳಿದೊಡನೆ ತಲೆಗೆ ಕರೆಂಟು ಕೊಡುತ್ತಾರೆಂದು ಅಂಜುವ ತಾಯ್ತಂದೆಯರು ನಮ್ಮ ನಡುವೆ ಇಂದಿಗೂ ಇದ್ದಾರೆ. ಈ ಯಂತ್ರವು ವಿದ್ಯುತ್ತನ್ನು ಕೊಡುವುದಿಲ್ಲ. ಮಿದುಳು ತಾನೇ ಹೊಮ್ಮಿಸುವ ಅತಿಸೂಕ್ಷ್ಮ ವಿದ್ಯುತ್ತನ್ನು ನೆತ್ತಿಯ ಮೇಲಿಂದ ಗ್ರಹಿಸಿ ಗೆರೆಗಳಾಗಿ ಬರೆಯುತ್ತದೆ, ಅಷ್ಟೆ. ಮನುಷ್ಯರಲ್ಲಿ ಇದನ್ನು ಮೊದಲು ಸಾಧಿಸಿದವರು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್. ಅವರ ಬಾಳು ವಿಚಿತ್ರವಾದುದು, ಕಳಂಕರಹಿತವಾದುದೂ ಅಲ್ಲ.

ಬರ್ಗರ್ ಅವರು 1873ರ ಮೇ 21ರಂದು ಕೋಬುರ್ಗ್ ಪಟ್ಟಣದ ಬಳಿಯ ನೋಯ್ಸೆಸ್‌ನಲ್ಲಿ ಜನಿಸಿದರು. ತಂದೆ ವೈದ್ಯರು, ತಾಯಿಯ ತಂದೆ ಫ್ರೀಡ್ರಿಶ್ ರ್ಯೂಕರ್ಟ್, ನಮ್ಮ ನಳದಮಯಂತಿಯ ಕಥೆಯನ್ನು ಜರ್ಮನ್ ಕಾವ್ಯವಾಗಿಸಿದ ಕವಿ. ಖಗೋಳವಿಜ್ಞಾನಿಯಾಗುವ ಆಸೆಯಿಂದ ಗಣಿತ ಓದಲು ಹೊರಟ ತರುಣ ಬರ್ಗರ್ ಅದನ್ನು ಬಿಟ್ಟು ಒಂದು ವರ್ಷ ಸೈನ್ಯ ಸೇರಿದರು. ಮುಂದೆ ನಡೆದುದು ಎಷ್ಟು ಅಪಾಯಕರವೆಂದು, ಸೈನ್ಯಕ್ಕಾಗಿ ಕುದುರೆ ಸಾಕಿದ ಇತಿಹಾಸವುಳ್ಳ ಕುಣಿಗಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕವಾಯತಿನ ವೇಳೆ ಬೆದರಿದ ಕುದುರೆ ಅವರನ್ನು ಕೆಡವಿತು. ಹಿಂದೆ ಬರುತ್ತಿದ್ದ ಫಿರಂಗಿಯ ಗಾಡಿ ಕೂದಲೆಳೆಯಷ್ಟರಲ್ಲಿ ನಿಂತು ಅವರು ಬದುಕಿದರು. ಅಂದೇ ಸಂಜೆ ಕ್ಷೇಮ ವಿಚಾರಿಸಿ ತಂದೆಯಿಂದ ತಂತಿ ಬಂದಿತು. ತಮ್ಮನಿಗೆ ಏನೋ ಆಪತ್ತು ಬಂದಿದೆಯೆಂದು ದೂರದ ಊರಿನಲ್ಲಿದ್ದ ಅಕ್ಕ ಹಟ ಹಿಡಿದು ಕಳುಹಿಸಿದ ತಂತಿಯದು. ಮನಸ್ಸಿನ ಶಕ್ತಿಯೇ ಅಲ್ಲಿಗೆ ಹರಿದಿರಬೇಕೆಂದು ಬರ್ಗರ್ ನಂಬಿದರು. ವಿಜ್ಞಾನ ಈ ನಂಬಿಕೆಯನ್ನು ಎತ್ತಿಹಿಡಿಯಲಿಲ್ಲ. ಆದರೆ ಅವರನ್ನು ಮಿದುಳಿನ ಅಧ್ಯಯನಕ್ಕೆ ಎಳೆತಂದುದು ಅದೇ.

1897ರಲ್ಲಿ ಅವರು ಯೇನಾ ನಗರದ ಮಾನಸಿಕ ಚಿಕಿತ್ಸಾಲಯವನ್ನು ಸೇರಿ, 1919ರಲ್ಲಿ ಅದರ ಮುಖ್ಯಸ್ಥರಾದರು. ಮಿದುಳಿನ ರಕ್ತಸಂಚಾರ ಅಳೆದರು, ಉಷ್ಣತೆ ಅಳೆದರು, ಬಯಸಿದ್ದು ದೊರೆಯಲಿಲ್ಲ. ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ತಿದೆಯೆಂದು ಇಂಗ್ಲೆಂಡಿನ ರಿಚರ್ಡ್ ಕೇಟನ್ 1875ರಲ್ಲಿಯೇ ತೋರಿಸಿದ್ದರು. ಬರ್ಗರ್ ಆ ಹಾದಿ ಹಿಡಿದರು. 1924ರ ಜುಲೈ 6ರಂದು, ಶಸ್ತ್ರಚಿಕಿತ್ಸೆಗೊಳಗಾದ 17 ವರ್ಷದ ಹುಡುಗನೊಬ್ಬನ ಮಿದುಳಿನ ಅಲೆಗಳು ಅವರಿಗೆ ಮೊದಲ ಬಾರಿಗೆ ಕಂಡವು. ನೆತ್ತಿಯ ಮೇಲೆ ದೊರೆಯುವ ಈ ವಿದ್ಯುತ್ತು ಟಾರ್ಚಿನ ಒಂದು ಸೆಲ್ಲಿನ ಮೂವತ್ತು ಸಾವಿರದಲ್ಲೊಂದು ಪಾಲಿನಷ್ಟು. ತಮ್ಮ ಕಣ್ಣನ್ನೇ ನಂಬದ ಅವರು ಐದು ವರ್ಷ ಯಾರಿಗೂ ಹೇಳದೆ, ಮಗ ಕ್ಲಾಸ್‌ನನ್ನೂ ಕೂರಿಸಿಕೊಂಡು ಪರೀಕ್ಷಿಸುತ್ತಲೇ ಇದ್ದು, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ವಿಶ್ರಮಿಸುವಾಗ ಸೆಕೆಂಡಿಗೆ ಸುಮಾರು 10ರಂತೆ ಏಳುವ, ಕಣ್ಣು ತೆರೆದೊಡನೆ ಕುಗ್ಗುವ ಅಲೆಗಳಿಗೆ ಆಲ್ಫಾ ಎಂದು ಹೆಸರಿಟ್ಟರು.

ಸ್ವದೇಶದ ವಿದ್ವಾಂಸರು ಕಿವಿಗೊಡಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಅಲೆಗಳನ್ನು ಕಂಡ ಬಳಿಕವೇ ಜಗತ್ತು ಒಪ್ಪಿತು. ಮರುವರ್ಷ ಅಮೆರಿಕದ ವೈದ್ಯರು ಮೂರ್ಛೆರೋಗದ ಒಂದು ಬಗೆಯಲ್ಲಿ ಸೆಕೆಂಡಿಗೆ ಮೂರರಂತೆ ಏಳುವ ಚೂಪು ಅಲೆಗಳನ್ನು ಗುರುತಿಸಿದರು. ಪಾಠದ ನಡುವೆ ಕೆಲವು ಕ್ಷಣ ಶೂನ್ಯವನ್ನು ದಿಟ್ಟಿಸಿ ಬೈಸಿಕೊಳ್ಳುವ ಮಗು ಸೋಮಾರಿಯಲ್ಲ, ಅದಕ್ಕೆ ದೆವ್ವವೂ ಹಿಡಿದಿಲ್ಲ, ಕಾಯಿಲೆಯಿದೆ ಎಂದು ಕಾಗದದ ಮೇಲೆ ತೋರಿಸಲು ಸಾಧ್ಯವಾಯಿತು. ಎಣ್ಣೆ ಹಚ್ಚದ ತಲೆಗೆ ಪುಟ್ಟ ಲೋಹದ ಬಿಲ್ಲೆಗಳನ್ನು ಅಂಟಿಸಿ ಮಾಡುವ ಈ ಪರೀಕ್ಷೆಯಲ್ಲಿ ನೋವಿಲ್ಲ. ಗೆರೆಗಳು ಸರಿಯಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬಾರದು.

ಇನ್ನು ಕಳಂಕದ ಮಾತು. ನಾಜಿ ಸರ್ಕಾರ 1933ರಲ್ಲಿ ಮಾಡಿದ ಕಾನೂನಿನಂತೆ, ಆನುವಂಶಿಕವೆಂದು ಬಗೆದ ಮೂರ್ಛೆರೋಗಿಗಳೂ ಸೇರಿ ಅನೇಕರ ಸಂತಾನಶಕ್ತಿಯನ್ನು ಬಲವಂತವಾಗಿ ಕಸಿಯಲಾಯಿತು. ಇಂತಹ ಕ್ರಮವನ್ನು ಜಗದ್ಗುರು ಹನ್ನೊಂದನೆಯ ಪಿಯೂಸ್ ಅವರು 1930ರಲ್ಲಿಯೇ ತಮ್ಮ ವಿಶ್ವಪರಿಪತ್ರದಲ್ಲಿ ಖಂಡಿಸಿದ್ದರು. ಬರ್ಗರ್ ಅವರನ್ನು ನಾಜಿಗಳ ವಿರೋಧಿಯೆಂದೇ ಹಳೆಯ ಚರಿತ್ರೆಗಳು ಬಣ್ಣಿಸಿದ್ದವು. ಆದರೆ ಈ ತೀರ್ಪುಗಳನ್ನು ನೀಡುತ್ತಿದ್ದ ಯೇನಾದ ನ್ಯಾಯಮಂಡಲಿಯಲ್ಲಿ ಅವರೂ ಕುಳಿತಿದ್ದರೆಂದು ಇತಿಹಾಸಕಾರರು ಈಚೆಗೆ ಹೊರತೆಗೆದ ದಾಖಲೆಗಳು ತಿಳಿಸುತ್ತವೆ. ರೋಗಿಗಳಿಗೆ ಅಷ್ಟು ಉಪಕಾರ ಮಾಡಿದ ಕೈಯೇ ಇದನ್ನೂ ಮಾಡಿತೆಂಬುದು ನಮಗೆ ನೋವಿನ ಸಂಗತಿ. ಮರೆಮಾಚುವುದು ಮಾತ್ರ ತರವಲ್ಲ. 1938ರಲ್ಲಿ ನಿವೃತ್ತರಾದ ಬರ್ಗರ್ ತೀವ್ರ ಖಿನ್ನತೆಗೆ ಒಳಗಾಗಿ, 1941ರ ಜೂನ್ 1ರಂದು ಯೇನಾದಲ್ಲಿ ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡರು.