ಲ್ಯಾಟಿನ್ ಪಾದ್ರಿ, ಕರ್ಕಿಯ ಕೊಂಕಣಿ

ಹೊನ್ನಾವರ ದಾಟಿ ಕುಮಟಾ ಕಡೆ ಹೊರಟ್ರೆ ಕರ್ಕಿ ಸಿಗತ್ತೆ. ಇಲ್ಲಿ ಕನ್ನಡದ ಜೊತೆ ಕೊಂಕಣಿಯೂ ಮನೆಮಾತು. ಆ ಕೊಂಕಣಿಗೆ ಅಚ್ಚಾದ ಮೊದಲ ವ್ಯಾಕರಣ ಬರೆದವನು ಇಂಗ್ಲೆಂಡಿನ ಒಬ್ಬ ಪಾದ್ರಿ ಅಂದ್ರೆ ನಮ್ಮ ಹಾಸ್ಟೆಲಿನಲ್ಲಿ ಅರ್ಧ ಜನ ನಂಬಲ್ಲ. ಹೆಸರು ಥಾಮಸ್ ಸ್ಟೀಫನ್ಸ್.

ಹುಟ್ಟಿದ್ದು 1549ರ ಸುಮಾರಿಗೆ, ವಿಲ್ಟ್‌ಶೈರಿನಲ್ಲಿ. ಆಗಿನ ಇಂಗ್ಲೆಂಡಿನಲ್ಲಿ ಓದು ಅಂದ್ರೆ ಲ್ಯಾಟಿನ್. ನಾವು ಮಗ್ಗಿ ಹೇಳಿದ ಹಾಗೆ ಹುಡುಗರು ಕ್ರಿಯಾಪದಗಳನ್ನ ಉರು ಹೊಡೆಯಬೇಕಿತ್ತು: ಅಮೊ, ಅಮಾಸ್, ಅಮತ್. ಪ್ರೀತಿಸುತ್ತೇನೆ, ಪ್ರೀತಿಸುತ್ತೀಯೆ, ಪ್ರೀತಿಸುತ್ತಾನೆ. ನಾನು, ನೀನು ಎಂದು ಬೇರೆ ಹೇಳಬೇಕಿಲ್ಲ, ಕೊನೆಯ ಪ್ರತ್ಯಯವೇ ಹೇಳತ್ತೆ. ಬಂದೆ, ಬಂದಳು ಅನ್ನುವ ನಮಗೆ ಇದೇನು ಹೊಸದಲ್ಲ ಬಿಡಿ.

ಅವನು ಕ್ಯಾಥೊಲಿಕ್. ದೇಶ ಬಿಟ್ಟು 1575ರಲ್ಲಿ ರೋಮಿನಲ್ಲಿ ಜೆಸುಯಿಟ್ ಸಂಘ ಸೇರಿದ. 1579ರ ಏಪ್ರಿಲ್‌ನಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿ ಅಕ್ಟೋಬರ್‌ನಲ್ಲಿ ಗೋವಾ ಮುಟ್ಟಿದ. ಮುಂದಿನ ನಲವತ್ತು ವರ್ಷ ಅಲ್ಲೇ, ಹೆಚ್ಚಾಗಿ ಸಾಲ್ಸೆಟ್‌ನ ಹಳ್ಳಿಗಳಲ್ಲಿ.

1583ರಲ್ಲಿ ತಮ್ಮನಿಗೋ ಅಣ್ಣನಿಗೋ, ಅಂತೂ ಒಡಹುಟ್ಟಿದವನಿಗೆ ಒಂದು ಕಾಗದ ಬರೆದ. ಇಲ್ಲಿನ ಭಾಷೆಗಳ ರಚನೆ ಗ್ರೀಕ್, ಲ್ಯಾಟಿನ್‌ಗಳನ್ನ ಹೋಲತ್ತೆ ಎಂಬ ಮಾತು ಅದರಲ್ಲಿದೆ. ಕೊಡುತ್ತಾನೆ ಅನ್ನೋಕೆ ಲ್ಯಾಟಿನ್ ದತ್, ಕೊಂಕಣಿ ದಿತಾ. ವಿಲಿಯಂ ಜೋನ್ಸ್ ಸಂಸ್ಕೃತದ ಬಗ್ಗೆ ಇಂಥದ್ದೇ ಮಾತು ಹೇಳಿ ಹೆಸರಾದದ್ದು 1786ರಲ್ಲಿ! ಸ್ಟೀಫನ್ಸನ ಕಾಗದ ಅಚ್ಚು ಕಂಡದ್ದು 20ನೇ ಶತಮಾನದಲ್ಲಿ.

ವ್ಯಾಕರಣವನ್ನ ಅವನು ಪೋರ್ಚುಗೀಸಿನಲ್ಲಿ, ಲ್ಯಾಟಿನ್ ಚೌಕಟ್ಟಿನಲ್ಲಿ ಬರೆದ. ಕೊಂಕಣಿ ಆ ಚೌಕಟ್ಟಿನಲ್ಲಿ ಪೂರ್ತಿ ಕೂರಲ್ಲ. ಹಾಂವೆಂ ಆಂಬೊ ಖಾಲ್ಲೊ, ಹಾಂವೆಂ ಭಾಕ್ರಿ ಖಾಲ್ಲಿ: ತಿಂದವರು ಯಾರೇ ಇರಲಿ, ಕ್ರಿಯಾಪದ ಮಾವು, ರೊಟ್ಟಿಗಳ ಲಿಂಗದ ಹಿಂದೆ ಹೋಗತ್ತೆ. ಇಂಥ ಭಾಷೆಗೆ ಅವನು ಅಷ್ಟು ಶ್ರಮ ಪಟ್ಟನಲ್ಲ, ಅದು ನಮಗೆ ದೊಡ್ಡದು. ಅದೇ ವರ್ಷಗಳಲ್ಲಿ, 1604ರಲ್ಲಿ, ನಮ್ಮ ಭಟ್ಕಳ ಸೀಮೆಯ ಹಾಡುವಳ್ಳಿ ಮಠದ ಶಿಷ್ಯ ಭಟ್ಟಾಕಳಂಕ ಕನ್ನಡದ ವ್ಯಾಕರಣವನ್ನ 592 ಸಂಸ್ಕೃತ ಸೂತ್ರಗಳಲ್ಲಿ ಮುಗಿಸಿದ್ದ. ಒಂದೇ ಕರಾವಳಿ, ಇಬ್ಬರದೂ ಎರವಲು ಅಳತೆಗೋಲು.

ಆದರೆ ಸ್ಟೀಫನ್ಸನ ಪುಸ್ತಕ ಇದ್ದದ್ದು ಮತಪ್ರಚಾರಕ್ಕೆ ಬಂದ ಪಾದ್ರಿಗಳಿಗಾಗಿ. ಇದನ್ನ ಮುಚ್ಚಿಟ್ಟು ಹೊಗಳೋದು ಸರಿಯಲ್ಲ. ಅವನು ಬರುವ ಮೊದಲೇ ಸಾಲ್ಸೆಟ್‌ನ ದೇವಸ್ಥಾನಗಳು ನೆಲಸಮವಾಗಿ, ಎಷ್ಟೋ ಕೊಂಕಣಿ ಕುಟುಂಬಗಳು ದೇವರನ್ನ ಹೊತ್ತು ಈ ಕಡೆಯ ಕರಾವಳಿಗೆ ಬಂದಿದ್ದವು.

1619ರಲ್ಲಿ ಅವನು ತೀರಿಕೊಂಡ. ವ್ಯಾಕರಣ ರಾಚೋಲಿನಲ್ಲಿ ಅಚ್ಚಾದದ್ದು 1640ರಲ್ಲಿ, ಬೇರೆ ಪಾದ್ರಿಗಳು ತಿದ್ದಿದ ಮೇಲೆ. ಅದರ ಹೆಸರಿನಲ್ಲಿ ಭಾಷೆಗೆ ಕೊಂಕಣಿ ಅಂತಿಲ್ಲ, ಕಾನಾರಿಂ ಅಂತಿದೆ. ಪೋರ್ಚುಗೀಸರ ಗೊಂದಲ ನಮ್ಮನ್ನೂ ಸುತ್ತಿಕೊಂಡಿದೆ! 1684ರಲ್ಲಿ ಗೋವಾದ ವೈಸ್‌ರಾಯ್ ಮೂರು ವರ್ಷದೊಳಗೆ ಜನ ತಮ್ಮ ಮಾತು ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ಆಜ್ಞೆ ಹೊರಡಿಸಿದ. ಕರ್ಕಿಯ ಅಜ್ಜಿಯರು ಇವತ್ತಿಗೂ ಮಾವಿಗೆ ಖಾಲ್ಲೊ, ಭಾಕ್ರಿಗೆ ಖಾಲ್ಲಿ ಅಂತಾರೆ.