ಎಂಬತ್ತೇಳರಲ್ಲಿ ಚುನಾವಣೆಗೆ ನಿಂತ ಅಜ್ಜ

1989ರ ಲೋಕಸಭಾ ಚುನಾವಣೆ. ದೇಶದ ತುಂಬ ಬೋಫೋರ್ಸ್‌ದೇ ಮಾತು. ಉತ್ತರ ಕನ್ನಡದಲ್ಲಿ ಮಾತ್ರ ಒಬ್ಬ ಅಭ್ಯರ್ಥಿ ಕಾಳಿ ನದಿ, ಕಾಡು, ವಿಕಿರಣ ಅಂತ ಮಾತಾಡ್ತಾ ಓಡಾಡುತ್ತಿದ್ದರು. ವಯಸ್ಸು 87. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು, ಜ್ಞಾನಪೀಠ ಬಂದು ಹತ್ತು ವರ್ಷ ದಾಟಿತ್ತು. ಮನೆಯಲ್ಲಿ ಮೊಮ್ಮಕ್ಕಳ ಜೊತೆ ಕಾಲ ಕಳೆಯಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬರುತ್ತಿತ್ತು. ಶಿವರಾಮ ಕಾರಂತರು ನಾಮಪತ್ರ ಹಾಕಿದರು. ಸೋತರು.

ಆ ಸೋಲನ್ನು ನಾವು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ‘ನಡೆದಾಡುವ ವಿಶ್ವಕೋಶ’, ‘ಕಡಲ ತೀರದ ಭಾರ್ಗವ’ ಅಂತ ಬಿರುದು ಕೊಟ್ಟು, ಅಕ್ಟೋಬರ್ 10 ಬಂದಾಗ ಒಂದು ಪೋಸ್ಟರ್ ಹಂಚಿ ಸುಮ್ಮನಾಗುತ್ತೇವೆ. ಕಾರಂತರ ಬದುಕಿನಲ್ಲಿ ಸಾಹಸ ಮತ್ತು ಸಂಸಾರ ಬೇರೆ ಬೇರೆ ಕೋಣೆಗಳಲ್ಲಿ ಇರಲಿಲ್ಲ. ನನಗೆ ಕುತೂಹಲ ಇರೋದು ಅಲ್ಲೇ.

1902ರಲ್ಲಿ ಕೋಟದಲ್ಲಿ ಹುಟ್ಟಿದ ಹುಡುಗ, ಗಾಂಧಿಯ ಅಸಹಕಾರ ಚಳವಳಿಯ ಕರೆ ಕೇಳಿ ಮಂಗಳೂರಿನ ಕಾಲೇಜು ಬಿಟ್ಟ. ಖಾದಿ, ಪತ್ರಿಕೆ, ನಾಟಕ, ಸಮಾಜ ಸುಧಾರಣೆ, ಒಂದಾದ ಮೇಲೊಂದು ಹುಚ್ಚು. 1930ರ ಸುಮಾರಿಗೆ ಅಸ್ಪೃಶ್ಯತೆಯ ವಿಷಯ ಇಟ್ಟುಕೊಂಡು ‘ಡೊಮಿಂಗೊ’ ಅನ್ನೋ ಮೂಕಿ ಚಿತ್ರ ತೆಗೆದರು. ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹತ್ತು ಅಂದದ್ದೂ ಕಡಿಮೆಯೇ ಅಂತ ಅವರ ಪುಸ್ತಕಗಳ ಪಟ್ಟಿ ನೋಡಿದವರು ಹೇಳಿಯಾರು.

ಇಂಥ ಮನುಷ್ಯ ಮದುವೆಯಾಗಿದ್ದೂ ಸಾಹಸವೇ. ನಾಟಕ, ನೃತ್ಯ ಕಲಿಸಲು ಹೋದ ಶಾಲೆಯಲ್ಲಿ ಲೀಲಾ ಆಳ್ವ ಪರಿಚಯವಾದರು. 1936ರ ಮೇ 6ರಂದು ಮದುವೆ. ಅವರು ಬಂಟರ ಮನೆಯ ಹುಡುಗಿ, ಇವರು ಕೋಟದ ಬ್ರಾಹ್ಮಣ. ತೊಂಬತ್ತು ವರ್ಷದ ಹಿಂದಿನ ದಕ್ಷಿಣ ಕನ್ನಡದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಊರವರ ಗೇಲಿಯನ್ನು ಇಬ್ಬರೂ ಕೇಳಿಸಿಕೊಂಡರು. ಜಾತಿ ಮೀರಿ ಮದುವೆಯಾದ ಜೋಡಿಗಳಿಗೆ ಇವತ್ತೂ ಪೊಲೀಸ್ ರಕ್ಷಣೆ ಬೇಕಾಗುತ್ತೆ ಅನ್ನೋದನ್ನು ನೆನಪಿಟ್ಟುಕೊಂಡು ಇದನ್ನು ಓದಿ.

ಲೀಲಾ ಅವರ ಬಗ್ಗೆ ನಾವು ಮಾತಾಡೋದು ತೀರಾ ಕಡಿಮೆ. ಮರಾಠಿಯಲ್ಲಿ ಓದು ಶುರು ಮಾಡಿದ್ದ ಅವರು ಮದುವೆಯ ನಂತರ ಕನ್ನಡವನ್ನು ಹೊಸದಾಗಿ ಕಲಿತು, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿ ‘ಪಣ್ ಲಕ್ಷಾತ್ ಕೋಣ್ ಘೇತೋ’ವನ್ನು ಕನ್ನಡಕ್ಕೆ ತಂದರು. ಗಂಡನ ಗೀತನಾಟಕಗಳಲ್ಲಿ ಕುಣಿದರು. ಗಂಡ ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುತ್ತಿದ್ದಾಗ ನಾಲ್ಕು ಮಕ್ಕಳ ಮನೆ ನಿಂತಿದ್ದು ಯಾರ ಹೆಗಲ ಮೇಲೆ ಅನ್ನೋದನ್ನು ಊಹಿಸೋದು ಕಷ್ಟವಲ್ಲ. ಕಾರಂತರ ಸಾಹಸದ ಬಿಲ್ಲಿನಲ್ಲಿ ಅರ್ಧ ಲೀಲಾ ಕಟ್ಟಿದ್ದು.

ಪುತ್ತೂರಿನ ಬಾಲವನ ಮೊದಲಿಗೆ ಒಂದು ಪ್ರಯೋಗ. ಮಕ್ಕಳು ಬೆತ್ತದ ಭಯವಿಲ್ಲದೆ ಆಡುತ್ತಾ, ಕುಣಿಯುತ್ತಾ, ಕೈಯಲ್ಲಿ ಮಾಡುತ್ತಾ ಕಲಿಯಲಿ ಅನ್ನೋ ಆಸೆ. ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬಂದದ್ದೂ 1930ರ ದಶಕದಲ್ಲೇ. ಆಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಸಮಿತಿ ಇಲ್ಲ, ಅನುದಾನ ಇಲ್ಲ, ಒಬ್ಬನೇ ಮನುಷ್ಯ. ಒಬ್ಬರೇ ಬರೆದ ವಿಶ್ವಕೋಶದಲ್ಲಿ ಕೊರತೆ ಇರುತ್ತೆ, ಒಪ್ಪೋಣ. ಆದರೆ ಕನ್ನಡದ ಮಗು ಜಗತ್ತನ್ನು ತನ್ನ ಭಾಷೆಯಲ್ಲೇ ಓದಬೇಕು ಅನ್ನೋದನ್ನು ವೇದಿಕೆ ಮೇಲೆ ಹೇಳಿ ಮನೆಗೆ ಹೋದವರು ಬಹಳ. ಇವರು ಕೂತು ಬರೆದರು.

ಮೊದಲ ಮಗನ ಹೆಸರು ಹರ್ಷ. ಪುತ್ತೂರಿನಿಂದ ಕಾರಂತರು ತಾವೇ ನಡೆಸಿದ ಪ್ರಕಾಶನದ ಹೆಸರೂ ಅದೇ. 1961ರಲ್ಲಿ ಹರ್ಷ ತೀರಿಕೊಂಡರು. ಗ್ರಂಥಾಲಯದಲ್ಲಿ ಕಾರಂತರ ಹಳೆಯ ಆವೃತ್ತಿ ಸಿಕ್ಕರೆ ಮೊದಲ ಪುಟ ನೋಡಿ, ಆ ಹೆಸರು ಇನ್ನೂ ಅಲ್ಲಿದೆ. ಆ ಸಾವಿನ ನಂತರ ಬಂದ ದೊಡ್ಡ ಕೃತಿ ‘ಮೂಕಜ್ಜಿಯ ಕನಸುಗಳು’, 1968ರದ್ದು. ಅಜ್ಜಿ ಮತ್ತು ಮೊಮ್ಮಗ ಜಗಲಿಯಲ್ಲಿ ಕೂತು ದೇವರು, ಧರ್ಮ, ಕಾಮ, ಸಾವು ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಮಾತಾಡುವ ಕಾದಂಬರಿ. ಅದನ್ನು ಅವರ ಮನೆಯ ಕಥೆಗೆ ಗಂಟು ಹಾಕುವುದು ಸರಿಯಲ್ಲ. ಆದರೆ ಹಿರಿಯರು ಕಿರಿಯರಿಗೆ ಸಮಾಧಾನ ಹೇಳೋದಕ್ಕಿಂತ ಪ್ರಶ್ನೆ ಕೊಡಬೇಕು ಅನ್ನೋ ನಂಬಿಕೆ ಅಲ್ಲೂ ಇದೆ, ಬಾಲವನದಲ್ಲೂ ಇತ್ತು.

ತುರ್ತುಪರಿಸ್ಥಿತಿ ಬಂದಾಗ ಪದ್ಮಭೂಷಣ ವಾಪಸ್ ಮಾಡಿದರು. ಈಗ ಪ್ರಶಸ್ತಿ ವಾಪಸ್ ಮಾಡಿದವರನ್ನು ‘ಗ್ಯಾಂಗ್’ ಅಂತ ಕರೀತಾರಲ್ಲ, ಅವರಿಗೆ ಈ ಮಾಹಿತಿ ಉಪಯೋಗಕ್ಕೆ ಬರಬಹುದು. ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೋಫೋನ್ ತಂದು ಬೈಗುಳ ತಿಂದರು, ಮುದಿ ವಯಸ್ಸಿನಲ್ಲೂ ತಾವೇ ಹೆಜ್ಜೆ ಹಾಕಿದರು. 1986ರಲ್ಲಿ ಲೀಲಾ ಹೋದರು.

ಕೈಗಾ ವಿಷಯಕ್ಕೆ ಬರೋಣ. ಅಣು ಸ್ಥಾವರದ ತ್ಯಾಜ್ಯದ ಲೆಕ್ಕ ಐದು ವರ್ಷದ ಸರ್ಕಾರದ್ದಲ್ಲ, ಸಾವಿರಾರು ವರ್ಷದ್ದು. ಅದರ ಪರಿಣಾಮ ನೋಡಲು ತಾವು ಇರುವುದಿಲ್ಲ ಅಂತ 87ರ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾದರೆ ಅದು ಯಾರ ಚುನಾವಣೆ? ಅಜ್ಜನೊಬ್ಬ ಮೊಮ್ಮಕ್ಕಳ ಪರವಾಗಿ ನಿಂತದ್ದು ಅಂತಲೇ ನನಗೆ ಕಾಣುತ್ತೆ. 1994ರಲ್ಲಿ ನಿರ್ಮಾಣ ಹಂತದಲ್ಲೇ ಕೈಗಾದ ಗುಮ್ಮಟದ ಒಳಭಾಗ ಕುಸಿದು ಬಿತ್ತು. ಆಗ ಅವರಿಗೆ 91. ಕಟ್ಟುವ ಕೆಲಸ ನಿಲ್ಲಲಿಲ್ಲ, ಅವರು ತೀರಿಕೊಂಡ ಮೇಲೆ ಅಲ್ಲಿ ವಿದ್ಯುತ್ ಉತ್ಪಾದನೆಯೂ ಶುರುವಾಯಿತು. ಹವಾಮಾನ ಬದಲಾವಣೆಯ ಈ ಕಾಲದಲ್ಲಿ ಅಣುಶಕ್ತಿಯ ಪರ ವಾದಿಸುವ ಪರಿಸರವಾದಿಗಳೂ ಇದ್ದಾರೆ. ಕಾರಂತರು ಹೇಳಿದ್ದೆಲ್ಲ ಸರಿ ಅಂತ ಕಣ್ಣು ಮುಚ್ಚಿ ಒಪ್ಪಬೇಕಿಲ್ಲ, ಅವರೇ ಅದಕ್ಕೆ ಮೊದಲು ಸಿಟ್ಟಾಗುತ್ತಿದ್ದರು.

ಮಕ್ಕಳೂ ಹಾಗೆ ಒಪ್ಪಿಕೊಂಡು ಬೆಳೆದವರಲ್ಲ, ತಂತಮ್ಮ ದಾರಿ ಹಿಡಿದರು. ಮಾಳವಿಕಾ ಕಪೂರ್ ನಿಮ್ಹಾನ್ಸ್‌ನಲ್ಲಿ ಮನಶ್ಶಾಸ್ತ್ರಜ್ಞೆಯಾದರು. ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ನಾಗರಹೊಳೆಯ ಹುಲಿಗಳ ಹಿಂದೆ ಹೋದರು. ಅವರೂ ಕ್ಷಮಾ ಅವರೂ ಸೇರಿ ಮೂವರು ತಂದೆಯ ಬಗ್ಗೆ ಒಟ್ಟಾಗಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಇಲ್ಲೊಂದು ಕುತೂಹಲದ ಸಂಗತಿ ಇದೆ. ತಂದೆ ‘ಕುಡಿಯರ ಕೂಸು’ವಿನಲ್ಲಿ ಮಲೆಕುಡಿಯರ ಬದುಕನ್ನು ಕಾಡಿನಿಂದ ಬೇರೆ ಮಾಡಲಾಗದಂತೆ ಬರೆದರು. ಮಗ, ಹುಲಿ ಉಳಿಯಬೇಕಾದರೆ ಕಾಡಿನೊಳಗಿನ ಜನ ಸ್ವಇಚ್ಛೆಯಿಂದ ಹೊರಗೆ ಬಂದು ನೆಲೆಸಲು ನೆರವಾಗಬೇಕು ಅಂತ ವಾದಿಸಿದರು. ಆ ‘ಸ್ವಇಚ್ಛೆ’ ಎಷ್ಟು ನಿಜ ಅಂತ ಅರಣ್ಯ ಹಕ್ಕಿನ ಹೋರಾಟಗಾರರು ಇವತ್ತೂ ಕೇಳುತ್ತಿದ್ದಾರೆ. ನಾನಂತೂ ಇದರಲ್ಲಿ ತಂದೆಯ ಕಾದಂಬರಿಯ ಕಡೆಗೇ ವಾಲುತ್ತೇನೆ, ಹುಲಿಗಳ ಲೆಕ್ಕವನ್ನು ವಿಜ್ಞಾನಕ್ಕೆ ತಂದ ಮಗನ ಕೆಲಸವನ್ನು ಗೌರವಿಸುತ್ತಲೇ.

ಮೊಮ್ಮಗಳು ಕೃತಿ ಕಾರಂತರ ಕೆಲಸ ಈ ಎರಡರ ನಡುವೆ ನಿಂತಂತಿದೆ. ಬಂಡೀಪುರ, ನಾಗರಹೊಳೆಯ ಸುತ್ತ ಆನೆ ಬೆಳೆ ತಿಂದರೆ, ಹುಲಿ ದನ ಹಿಡಿದರೆ ಹಳ್ಳಿಯವರು ಒಂದು ನಂಬರಿಗೆ ಫೋನ್ ಮಾಡಿದರೆ ಸಾಕು, ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಿಸುವ ‘ವೈಲ್ಡ್ ಸೇವೆ’ ಅವರ ತಂಡದ್ದು. ಕಾಡಂಚಿನ ಸರ್ಕಾರಿ ಶಾಲೆಗಳ ಮಕ್ಕಳಿಗೆ ಆಟ, ಕಥೆಗಳ ಮೂಲಕ ಪ್ರಾಣಿಗಳ ಬಗ್ಗೆ ಹೇಳಿಕೊಡುವ ‘ವೈಲ್ಡ್ ಶಾಲೆ’ಯೂ ಇದೆ. ಬಾಲವನದ ಅಜ್ಜ ಅದನ್ನು ನೋಡಿದ್ದರೆ ಮೊದಲು ತಕರಾರು ತೆಗೆದು, ಆಮೇಲೆ ಪಾಠದ ಚಿತ್ರ ತಾವೇ ಬರೆದುಕೊಡುತ್ತಿದ್ದರೇನೋ.

ಕಾರಂತರು ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು. ತೊಂಬತ್ತು ದಾಟಿದ ಮೇಲೂ ಅವರು ಬರೆಯುತ್ತಿದ್ದರು. ಕೊನೆಗಾಲದಲ್ಲಿ ಕೈಗೆತ್ತಿಕೊಂಡದ್ದು ಹಕ್ಕಿಗಳ ಬಗ್ಗೆ ಒಂದು ಪುಸ್ತಕ. ಅದು ಅಚ್ಚಾಗಿ ಬಂದದ್ದು ಅವರು ಹೋದ ಮೇಲೆ, ಧಾರವಾಡದ ಮನೋಹರ ಗ್ರಂಥಮಾಲೆಯಿಂದ.