ಚಿತ್ರಗಾರನಾದ ರೆಂಬ್ರಾಂಟನ ಚರಿತ್ರೆ

ತಪ್ಪಿಹೋಗಿ ತಿರಿಗಿ ಬಂದ ಮಗನ ಸಾಮ್ಯವನ್ನು ನೀವೆಲ್ಲರೂ ಕೇಳಿದ್ದೀರಿ. ಅದನ್ನು ಬಣ್ಣಗಳಿಂದ ಹೇಳಿದ ರೆಂಬ್ರಾಂಟನೆಂಬವನ ಚರಿತ್ರೆಯನ್ನು ಈ ಸಾರಿ ಸಂಕ್ಷೇಪವಾಗಿ ಬರೆಯುತ್ತೇವೆ.

ಆತನು 1606ನೇ ಇಸವಿಯಲ್ಲಿ ಹಾಲೆಂಡ್ ದೇಶದ ಲೈಡನ್ ಪಟ್ಟಣದಲ್ಲಿ, ಗಾಳಿಗಿರಣಿ ನಡಿಸುವವನ ಮಗನಾಗಿ ಹುಟ್ಟಿದನು. ಆ ದೇಶದ ಪ್ರೊಟೆಸ್ಟಂಟ್ ಸಭೆಯವರು ದೇವಾಲಯಗಳಲ್ಲಿ ಚಿತ್ರಗಳನ್ನು ಇಡುತ್ತಿರಲಿಲ್ಲ. ಆದರೂ ಸತ್ಯವೇದದ ಕಥೆಗಳ ಚಿತ್ರಗಳನ್ನು ಜನರು ಕೊಂಡು ಮನೆಗಳಲ್ಲಿ ತೂಗಹಾಕುತ್ತಿದ್ದರು. ಯೌವನದಲ್ಲಿಯೇ ರೆಂಬ್ರಾಂಟನು ಆಮ್‌ಸ್ಟರ್‌ಡಾಮ್ ನಗರಕ್ಕೆ ಹೋಗಿ, ಧನಿಕರ ಭಾವಚಿತ್ರಗಳನ್ನು ಬರೆದು ಹಣವನ್ನೂ ಹೆಸರನ್ನೂ ಸಂಪಾದಿಸಿದನು. 1634ರಲ್ಲಿ ಸಾಸ್ಕಿಯಾ ಎಂಬಾಕೆಯನ್ನು ಮದುವೆಯಾದನು.

ಸುಮಾರು 1635ರಲ್ಲಿ ಬರೆದ ಚಿತ್ರವೊಂದರಲ್ಲಿ ಆ ಮಗನು ಪಾನಗೃಹದಲ್ಲಿ ಕುಳಿತು, ಹೆಣ್ಣೊಬ್ಬಳನ್ನು ತೊಡೆಯ ಮೇಲಿರಿಸಿಕೊಂಡು, ಪಾನಪಾತ್ರೆಯನ್ನೆತ್ತಿ ನಗುತ್ತಾನೆ. ಮೇಜಿನ ಮೇಲೆ ನವಿಲನ್ನಿಟ್ಟಿದೆ. ಅದು ಗರ್ವದ ಗುರುತು. ಮಗನಿಗೆ ಚಿತ್ರಗಾರನು ತನ್ನ ಮುಖವನ್ನೇ ಕೊಟ್ಟನು. ಹೆಣ್ಣಿಗೆ ಸಾಸ್ಕಿಯಾಳ ಮುಖವನ್ನು ಕೊಟ್ಟನು. ಪಾಪಿಯನ್ನು ನೆರೆಯವರಲ್ಲಿ ಹುಡುಕದೆ ತನ್ನಲ್ಲಿಯೇ ತೋರಿಸಿದನು.

ಬಳಿಕ ಕಷ್ಟಗಳು ಒಂದರ ಮೇಲೊಂದು ಬಂದವು. ಅವರ ನಾಲ್ಕು ಮಕ್ಕಳಲ್ಲಿ ಮೂವರು ಕೂಸುಗಳಾಗಿಯೇ ತೀರಿಹೋದರು. 1642ರಲ್ಲಿ ಸಾಸ್ಕಿಯಾಳು ಮರಣ ಹೊಂದಿದಳು. ದೊಡ್ಡ ಮನೆಯನ್ನು ಕೊಂಡು, ಅಪರೂಪದ ವಸ್ತುಗಳಿಗೆ ಮಿತಿಮೀರಿ ವೆಚ್ಚಮಾಡಿದ್ದ ರೆಂಬ್ರಾಂಟನು 1656ರಲ್ಲಿ ದಿವಾಳಿಯಾದನು. ಆತನ ಸೊತ್ತೆಲ್ಲಾ ಹರಾಜಾಯಿತು. ಉಳಿದಿದ್ದ ಮಗ ಟೈಟಸನೂ 1668ರಲ್ಲಿ ಸತ್ತನು.

ಈ ಕಡೇ ವರುಷಗಳಲ್ಲಿ ಆತನು ಅದೇ ಸಾಮ್ಯವನ್ನು ಮತ್ತೊಮ್ಮೆ ಬರೆದನು. ಈಗ ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿರುವ ಆ ಚಿತ್ರವು ಎಂಟಡಿಗಿಂತ ಎತ್ತರವಾಗಿದೆ. ಮಗನು ತಂದೆಯ ಮುಂದೆ ಮೊಣಕಾಲೂರಿದ್ದಾನೆ. ಬೋಳಾದ ತಲೆ, ಹರಿದ ಬಟ್ಟೆ, ಜೋಡು ಕಳಚಿಬಿದ್ದ ಅಂಗಾಲು, ಇವೇ ಆತನು ನಡೆದ ದಾರಿಯ ಕಥೆಯನ್ನು ಹೇಳುತ್ತವೆ. ಮುಖವು ಬಹುಮಟ್ಟಿಗೆ ಮರೆಯಾಗಿದೆ. ಆದಕಾರಣ ಯಾರು ಬೇಕಾದರೂ ಆತನ ಸ್ಥಾನದಲ್ಲಿ ತಮ್ಮನ್ನು ಕಾಣಬಹುದು. ಬೆಳಕೆಲ್ಲಾ ಮಗನ ಬೆನ್ನ ಮೇಲಿರುವ ಮುದಿ ತಂದೆಯ ಎರಡು ಕೈಗಳ ಸುತ್ತಲೂ ಕೂಡಿದೆ. ನವಿಲೂ ಇಲ್ಲ, ಪಾನಪಾತ್ರೆಯೂ ಇಲ್ಲ.

ಬಲಗಡೆಯಲ್ಲಿ ಹಿರಿಯ ಮಗನು ಕೋಲಿನ ಮೇಲೆ ಕೈ ಜೋಡಿಸಿ ನೆಟ್ಟಗೆ ನಿಂತಿದ್ದಾನೆ. ಆತನಿಗೂ ತಂದೆಗೂ ನಡುವೆ ಅಂತರವಿದೆ. ಆತನು ಒಳಗೆ ಹೋದನೋ ಇಲ್ಲವೋ ಎಂಬದನ್ನು ಸಾಮ್ಯವೂ ಹೇಳುವದಿಲ್ಲ, ಚಿತ್ರವೂ ಹೇಳುವದಿಲ್ಲ.

ರೆಂಬ್ರಾಂಟನು 1669ನೇ ಅಕ್ಟೋಬರದಲ್ಲಿ ತೀರಿಕೊಂಡು, ಆಮ್‌ಸ್ಟರ್‌ಡಾಮಿನ ದೇವಾಲಯವೊಂದರಲ್ಲಿ ಹೆಸರಿಲ್ಲದ ಸಮಾಧಿಯಲ್ಲಿ ಹೂಣಲ್ಪಟ್ಟನು.

ಪ್ರಿಯರೇ, ದೂರ ಹೋಗಿದ್ದ ಸಹೋದರನು ತಿರಿಗಿ ಸಭೆಯ ಬಾಗಲಿಗೆ ಬರುವಾಗ, ಆ ಚಿತ್ರದಲ್ಲಿ ನಾವು ನಿಲ್ಲುವ ಸ್ಥಳವು ಯಾವದು? ತಂದೆಯ ಬಳಿಯಲ್ಲೋ, ಹಿರಿಯ ಮಗನ ಬಳಿಯಲ್ಲೋ? ಇದನ್ನು ನಾವು ಒಬ್ಬೊಬ್ಬರಾಗಿ ಯೋಚಿಸಿಕೊಳ್ಳೋಣ.